ಮಸ್ತಾನಸಾಬನ ಗಡ್ಡ

ದಾವಣಗೆರೆ
14-6-1961

ಮಗಳು ಉಮಾಮಹೇಶ್ವರಿಗೆ ನಿನ್ನ ಅಪ್ಪನ ಆಶೀರ್ವಾದ. ಎಲ್ಲರೂ ಚೆನ್ನಾಗಿದ್ದೇವೆ ಅಂತ ಬರೆಯಬೇಕು. ಹೊಟ್ಟೆಯಲ್ಲಿ ಇಷ್ಟು ಉರಿ ಇಟ್ಟುಕೊಂಡು ಹಂಗೆ ಬರೆಯಲಾರೆ.

ಸೋಮವಾರ ಕೂಸಿಗೆ ಲಿಂಗ ಕಟ್ಟಿಸುತ್ತೇವೆ, ಇಬ್ಬರೂ ಬರ್ರಿ ಅಂತ ಬರೆದಿದ್ದೀ. ನಿನ್ನವ್ವ ಬರುತ್ತಾಳೆ. ನಾನು ಬರುವುದಿಲ್ಲ. ಯಾಕೆ ಅಂತ ನಿನ್ನ ಗಂಡನನ್ನು ಕೇಳಿದರೆ ಹೇಳಲಿಕ್ಕಿಲ್ಲ. ನಾನೇ ಹೇಳುತ್ತೇನೆ.

ನನ್ನ ಜೊತೆ ಮಿಲ್ಲಿನಲ್ಲಿ ದುಡಿದ ಮಸ್ತಾನಸಾಬನಿಗೆ ಇಲ್ಲಿ ಕೆಲಸ ಹೋದ ಮೇಲೆ, ಹರಿಹರದಲ್ಲಿ ನಿನ್ನ ಗಂಡ ಮೇಸ್ತ್ರಿಯಾಗಿರುವ ಹತ್ತಿ ಕಾರ್ಖಾನೆಗೆ ನಾನೇ ಕಳಿಸಿದ್ದೆ. ಈಗ ಅಲ್ಲಿ ಹೊಸ ಕಾನೂನಂತೆ. ಯಂತ್ರದ ತಿರುಗುವ ಪಟ್ಟಾದ ಹತ್ತಿರ ನಿಲ್ಲುವವರು ಗಿಡ್ಡ ತೋಳಿನ ಅಂಗಿ ಹಾಕಬೇಕು, ಕೊರಳಲ್ಲಿ ಏನೂ ಇರಬಾರದು, ಗಡ್ಡ ಇರಬಾರದು. ಪಟ್ಟಾಕ್ಕೆ ಸಿಕ್ಕಿಕೊಂಡರೆ ಜೀವದ ಮಾತು, ಒಪ್ಪಿದೆ. ಆದರೆ ನಮ್ಮವರು ಲಿಂಗ ತೆಗೆಯಲ್ಲ ಅಂದ ಕೂಡಲೆ ನಿನ್ನ ಗಂಡ ಸಾಹುಕಾರರ ಹತ್ತಿರ ಓಡಿ, ಅಂಗಿಯೊಳಗೆ ಬಟ್ಟೆಯಲ್ಲಿ ಬಿಗಿದುಕೊಂಡರೆ ಸಾಕು ಅಂತ ಒಪ್ಪಿಸಿ ಬಂದ. ಮಸ್ತಾನಸಾಬ ತಾನೂ ಗಡ್ಡಕ್ಕೆ ಬಟ್ಟೆ ಬಿಗಿದುಕೊಳ್ಳುತ್ತೇನೆ ಅಂದರೆ, ಗಡ್ಡ ಬೇಕಾದ್ರ ದರ್ಗಾದಾಗ ಹೋಗಿ ಕೂಡ್ರಿ ಸಾಬ್ರೇ, ಪಟ್ಟಾಕ್ಕ ಯಾರ ಗಡ್ಡ ಅಂತ ಗೊತ್ತಾಗಲ್ಲ ಅಂದನಂತೆ ನಿನ್ನ ಗಂಡ. ಲಿಂಗದ ದಾರ ಯಾರ್ದು ಅಂತ ಗೊತ್ತಾಗತೈತೇನ್ರಿ ಅಂತ ಮಸ್ತಾನಸಾಬ ಕೇಳಿದ. ಅಷ್ಟಕ್ಕೇ, ಶನಿವಾರದೊಳಗೆ ಬೋಳಿಸಿಕೊಂಡು ಬಾ, ಇಲ್ಲಾಂದ್ರ ಬರಬ್ಯಾಡ ಅಂತ ಹೊರಗೆ ಹಾಕಿದ್ದಾನೆ.

ಥೂ!

ಹಿಂದೆ ನಮ್ಮ ಮಿಲ್ಲಿನಲ್ಲಿ ಒಬ್ಬ ಮ್ಯಾನೇಜರ್ ಲಿಂಗ ತೆಗೆದಿಟ್ಟು ಬರ್ರಿ ಅಂದಾಗ ಇದೇ ಮಸ್ತಾನಸಾಬ ತನ್ನ ಮಗ್ಗ ನಿಲ್ಲಿಸಿ ನಮ್ಮ ಜೊತೆ ಗೇಟಿನ ಹೊರಗೆ ಬಿಸಿಲಲ್ಲಿ ಕೂತ. ಅವನಿಗೇನಾಗಬೇಕಿತ್ತು? ನಿನ್ನ ಗಂಡನಿಗೆ ಅದೂ ಗೊತ್ತು. ಗೊತ್ತಿದ್ದೂ ದಿನಾ ಬೆಳಿಗ್ಗೆ ವಿಭೂತಿ ಬಳಿದುಕೊಂಡು ಕೆಲಸಕ್ಕೆ ಹೋಗುತ್ತಾನಲ್ಲ! ಆ ಮನುಷ್ಯ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಯ್ಯನೋರಿಂದ ಲಿಂಗ ಕಟ್ಟಿಸುವುದನ್ನು ನಾನು ನೋಡಲಾರೆ.

ಮಸ್ತಾನಸಾಬನನ್ನು ಗಡ್ಡದ ಸಮೇತ ಕೆಲಸಕ್ಕೆ ಕರೆಯಲಿ. ಆಗ ಬರುತ್ತೇನೆ. ಈ ಕಾಗದ ನಿನ್ನ ಗಂಡನ ಮುಂದೆ ಗಟ್ಟಿಯಾಗಿ ಓದು.

ನಿನ್ನ ಅಪ್ಪ
ಕೆಂಚವೀರಪ್ಪ

ತಾ.ಕ.: ಕಾಗದ ಅಂಟಿಸುವಷ್ಟರಲ್ಲಿ ಮಸ್ತಾನಸಾಬ ಬಂದ. ಮುಖಕ್ಕೆ ಟವಲು ಒತ್ತಿ ಹಿಡಿದಿದ್ದ. ಹಲ್ಲುನೋವೇನ್ರಿ ಅಂತ ನಿನ್ನವ್ವ ಲವಂಗ ತಂದಳು. ಬೋಳಿಸಿಕೊಂಡುಬಿಟ್ಟಿದ್ದಾನೆ. ನಾಳೆ ಕೆಲಸಕ್ಕೆ ಹೋಗುತ್ತಾನಂತೆ. ಅಳಿಯಂದ್ರಿಗೆ ಏನೂ ಬರೀಬ್ಯಾಡ್ರಿ ಅಣ್ಣಾ, ಇದ್ದ ಅನ್ನಾನೂ ಹೋಗತೈತೆ ಅಂತ ನನ್ನ ಕೈ ಹಿಡಿದುಕೊಂಡ. ಇದನ್ನು ನೀನೊಬ್ಬಳೇ ಓದಿ ಒಲೆಗೆ ಹಾಕು. ಅಪ್ಪ ಯಾಕೆ ಬರಲಿಲ್ಲ ಅಂತ ನಿನ್ನ ಗಂಡ ಕೇಳಿದರೆ, ಮೊಣಕಾಲು ನೋವು ಅನ್ನು.