‘ಮತ್ತೆ ಬರಲಿಲ್ಲ’ ಎಂಬ ಕಾಲಂ

ಧಾರವಾಡ, 2187, ಏಳನೆಯ ಜ್ವರದ ವರ್ಷ

ನಿಮ್ಮ ಕಾಲದ ಆಸ್ಪತ್ರೆಗಳಲ್ಲಿ ರಿಜಿಸ್ಟರ್ ಬರೆಯುವವರೇ,

ನಾನು ಹುಟ್ಟುವ ನೂರು ವರ್ಷಕ್ಕೂ ಮೊದಲು ಬದುಕಿದ್ದ ನಿಮಗೆ ಬರೆಯುತ್ತಿದ್ದೇನೆ. ಶಾಲೆಯಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲೇ ಓದಿದವಳು. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನಾನಿರುವುದು ಸಾಕ್ಷಿಮನೆಯಲ್ಲಿ. ಕಾರ್ಖಾನೆಯ ಔಷಧ ವಿರಳವಾದ ಮೇಲೆ, ಹಳೆಯ ಮದ್ದುಗಳಲ್ಲಿ ಯಾವುದಕ್ಕೆ ಪುರಾವೆ ಇದೆಯೆಂದು ನಿಮ್ಮ ಕಾಗದಗಳನ್ನು ಓದಿ ಹೇಳುವ ಕಚೇರಿ ಇದು. ಬೆಳಿಗ್ಗೆ ಬಾಗಿಲಲ್ಲಿ ಉಸಿರುಗಾಜಿಗೆ, ಎಂದರೆ ಸೋಂಕಿದ್ದರೆ ಮಬ್ಬಾಗುವ ಬಿಲ್ಲೆಗೆ, ಒಬ್ಬೊಬ್ಬರಾಗಿ ಊದುತ್ತೇವೆ. ಗಾಜು ತಿಳಿಯಾಗಿದ್ದವರಿಗೆ ಒಳಗೆ ಚಹಾ. ಉಳಿದವರು ಮನೆಗೆ.

ಕಳೆದ ವರ್ಷ ನನ್ನ ಮೇಜಿಗೆ ನೀಲಿಬೇರಿನ ಕಡತ ಬಂತು. ಚೀನಾದ ಹಳೆಯ ವೈದ್ಯರು ವೈರಸ್ ಜ್ವರಕ್ಕೆ ಕೊಡುತ್ತಿದ್ದ ಬೇರು. ನಿಮ್ಮಲ್ಲಿ ಯಾರೋ ಅದರ ಕಷಾಯವನ್ನು ಇನ್ನೂರು ಜನರಿಗೆ ಕುಡಿಸಿ ಕನ್ನಡದಲ್ಲಿ ರಿಜಿಸ್ಟರ್ ಇಟ್ಟಿದ್ದರು. ನೂರಾ ನಲವತ್ತು ಹೆಸರುಗಳ ಮುಂದೆ ‘ಮತ್ತೆ ಬರಲಿಲ್ಲ’ ಎಂದಿತ್ತು. ಜ್ವರ ಮತ್ತೆ ಬರಲಿಲ್ಲ ಎಂದು ಓದಿಕೊಂಡೆ. ಪುರಾವೆ ಇದೆ ಎಂದು ಸಹಿ ಹಾಕಿದೆ.

ತಂಗಿ ವಿಭಾಳಿಗೆ ಜ್ವರ ಬಂದಾಗ ಬೆಳಗಾವಿಯಲ್ಲಿ ಮಾತ್ರೆ ಸಿಗುತ್ತಿತ್ತು. ಅವಳು ಹೋಗಲಿಲ್ಲ. “ನಿನ್ನ ಸಹಿ ಐತೆಲ್ಲಕ್ಕಾ, ಇನ್ನ ಕಹಿ ಅಂತ ಉಗುಳೂ ಹಂಗೂ ಇಲ್ಲ,” ಎಂದು ನಕ್ಕು ಕಷಾಯ ಕುಡಿದಳು. ಒಂಬತ್ತನೆಯ ದಿನ ತೀರಿಕೊಂಡಳು.

ಆಮೇಲೆ ಆ ಕಡತವನ್ನು ನಮ್ಮ ಓಣಿಯ ಹಿರಿಯ ನರ್ಸ್ ಶಾಂತವ್ವನಿಗೆ ತೋರಿಸಿದೆ. ಅವರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. “ಜ್ವರ ಬರಲಿಲ್ಲ ಅಂತಲ್ಲ ಯವ್ವಾ, ಮಂದಿ ಬರಲಿಲ್ಲ. ನಾವೂ ಹಿಂಗ ಬರೀತೀವಿ. ಸತ್ತಾವ್ರು ಹೆಂಗ ಬರ್ತಾರ?”

ಬಂತು ಎಂದರೆ ಜ್ವರ, ಬಂದರು ಎಂದರೆ ಜನ. ಬರಲಿಲ್ಲ ಎಂದಾಗ ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಪದ. ಇದು ನನಗೆ ಹೊಳೆಯಲಿಲ್ಲವೋ, ಹೊಳೆಯುವುದೇ ಬೇಡವಾಗಿತ್ತೋ? ಸಹಿ ಹಾಕಿದ ದಿನ ಇಡೀ ಕಚೇರಿ ಒಂದು ಒಳ್ಳೆಯ ಸುದ್ದಿಗಾಗಿ ಕಾದಿತ್ತು. ನನ್ನ ತಪ್ಪನ್ನು ನಿಮ್ಮ ತಲೆಗೆ ಕಟ್ಟುತ್ತಿಲ್ಲ. ಆದರೆ ಆ ನೂರಾ ನಲವತ್ತರಲ್ಲಿ ಗುಣವಾದವರೆಷ್ಟು, ಸತ್ತವರೆಷ್ಟು, ಬೇಸತ್ತು ಬೇರೆ ಡಾಕ್ಟರ ಬಳಿ ಹೋದವರೆಷ್ಟು? ಕಷಾಯ ಕುಡಿಯದವರ ಗತಿ ಏನಾಯಿತೆಂದೂ ನೀವು ನೋಡಿಲ್ಲ. ಬೇರು ಕೆಲಸಕ್ಕೆ ಬಾರದ್ದೆಂದು ಸಹ ನಾನು ಈಗ ಹೇಳಲಾರೆ. ಸಹಿ ಹಿಂತೆಗೆದುಕೊಳ್ಳುತ್ತೇನೆ ಎಂದರೆ, ಮೇಲಿನವರು ಅದಕ್ಕೂ ಪುರಾವೆ ಕೇಳುತ್ತಿದ್ದಾರೆ. ಕಷಾಯ ಇಂದಿಗೂ ಹಂಚುತ್ತಿದ್ದಾರೆ.

ಒಂದು ಕೆಲಸ ಮಾಡಿ. ನಿಮ್ಮಿಂದ ಔಷಧ ಪಡೆದವರು ತಿರುಗಿ ಕಾಣಿಸದಿದ್ದರೆ ಅವರ ಮನೆಗೆ ಹೋಗಿ. ಬೀಗ ಹಾಕಿದ್ದರೆ ಪಕ್ಕದ ಮನೆಯಲ್ಲಿ ವಿಚಾರಿಸಿ. ಗೊತ್ತಾಗುವವರೆಗೆ ಏನನ್ನೂ ಬರೆಯಬೇಡಿ.

ಅನಸೂಯಾ ಕೊಪ್ಪದ