ಮಟ್ಟಿ ಮುಟ್ಟಿ ಮಾಡಿಸಿದ ಆಣೆ

ಹರಿಹರ, ಹೊಳೆದಂಡೆಯ ಗರಡಿ.
೨೧೯೧ನೇ ಇಸವಿ, ಫೆಬ್ರವರಿ ಮೂವತ್ತು.

ಎರಡು ಸಾವಿರದ ಇಪ್ಪತ್ತಾರರಲ್ಲಿ ಇದೇ ಗರಡಿ ನಡೆಸುತ್ತಿರುವ ಉಸ್ತಾದರಿಗೆ ಈಗಿನ ಉಸ್ತಾದ ಹಾಲಸ್ವಾಮಿಯ ಶರಣು.

ತಾರೀಖು ನೋಡಿ ನಗಬೇಡಿ. ತಿಂಗಳಿಗೆಲ್ಲ ಮೂವತ್ತು ದಿನ ಎಂದು ದೊಡ್ಡವರು ತೀರ್ಮಾನಿಸಿ ಬಹಳ ಕಾಲವಾಯಿತು. ನನ್ನ ಕೆಲವು ಮಾತು ನಿಮಗೆ ಹೊಸದಾಗಿ ಕೇಳಿಸೀತು, ಕ್ಷಮೆ ಇರಲಿ. ಆರನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ತಿದ್ದಿ ಬರೆಯುವ ತಾಳ್ಮೆಯೂ ಇಲ್ಲ.

ನಮ್ಮ ಕಾಲದಲ್ಲಿ ಹೊರೆ ಎತ್ತುವುದು, ಗೋಡೆ ಕಟ್ಟುವುದು, ಹೊಲ ಉಳುವುದು ಎಲ್ಲ ಯಂತ್ರಗಳದ್ದು. ಗಂಡಸಿನ ತೋಳಿಗೆ ಕೆಲಸವೇ ಇಲ್ಲ. ಕೆಲಸವಿಲ್ಲದ ತೋಳಿಗೆ ಬೆಲೆ ಮಾತ್ರ ಏರಿದೆ, ಅದೇ ವಿಚಿತ್ರ. ಎಲ್ಲರ ಮುಂಗೈಯಲ್ಲೂ ಬೆವರುಪಟ್ಟಿ ಇರುತ್ತದೆ. ಬೆವರು ನೆಕ್ಕಿ, ಮೈಯೊಳಗೆ ಏನು ಹೆಚ್ಚು ಏನು ಕಡಿಮೆ ಎಂದು ಹೇಳುವ ಪಟ್ಟಿ. ಅದನ್ನು ಗರಡಿಯೊಳಗೆ ಕಟ್ಟಕೂಡದೆಂದು ನಾನೇ ನಿಷೇಧ ಹಾಕಿದ್ದೆ. ಶಿಷ್ಯನ ಮೈ ಉಸ್ತಾದನ ಕಣ್ಣಿಗೆ ಕಾಣದಿದ್ದರೆ ಅವನೆಂಥ ಉಸ್ತಾದ ಎಂಬ ಜಂಬ.

ನನ್ನ ಮಗ ಮುರಿಗೇಂದ್ರನಿಗೆ ಇಪ್ಪತ್ತೇಳು. ಮೂರೇ ತಿಂಗಳಲ್ಲಿ ಅವನ ಭುಜ ಹಲಸಿನಕಾಯಿಯಂತೆ ಉಬ್ಬಿತು. ಸಾಮಿನ ಫಲವೆಂದು ನಾನು ಬೀಗಿದೆ. ಆರು ತಿಂಗಳಾದ ಮೇಲೆ ಎಣ್ಣೆ ಗಿಂಡಿ ಇಡುವ ಗೂಡಿನಲ್ಲಿ ಸೂಜಿ, ಸೀಸೆ ಸಿಕ್ಕವು. ಉಬ್ಬುರಸ. ನೀವು ಸ್ಟೀರಾಯ್ಡ್ ಅನ್ನುತ್ತೀರಲ್ಲ, ಅದೇ ವಂಶದ್ದು. ಅವನ ಕುತ್ತಿಗೆ ಹಿಡಿದು ಕುಸ್ತಿಯ ಮಣ್ಣಿನ ಕಣಕ್ಕೆ, ಮಟ್ಟಿಗೆ, ಎಳೆದೆ.

"ಮಣ್ಣು ಮುಟ್ಟಲೇ! ಇವತ್ತಿನಿಂದ ಯಾವ ಸೂಜೀನೂ ಈ ಮೈ ಮುಟ್ಟಾಂಗಿಲ್ಲ ಅಂತ ಆಣಿ ಮಾಡು!"

ಮಾಡಿದ. ಮಟ್ಟಿ ಮುಟ್ಟಿದ ಆಣೆ ಆ ಮಣ್ಣು ಬದಲಿಸುವವರೆಗೂ ಕಟ್ಟು, ಮಣ್ಣು ಬದಲಿಸುವುದು ಹನ್ನೆರಡು ವರ್ಷಕ್ಕೊಮ್ಮೆ ಎಂಬ ಕಟ್ಟಳೆ ನಿಮಗೂ ಗೊತ್ತು. ಆಗಿನ್ನೂ ಏಳು ವರ್ಷ ಬಾಕಿಯಿತ್ತು.

ಆಮೇಲೆ ಅವನು ಸೊರಗಿಹೋದ. ಹತ್ತು ಬಸ್ಕಿಗೆ ಕೂತುಬಿಡುವನು. ಅಂಗಿ ತೊಟ್ಟೇ ಗರಡಿಗೆ ಬರತೊಡಗಿದ. ಎಲ್ಲರೆದುರು ನಾನು, "ಏನ್ಲೇ ಮದುವಣಗಿತ್ತಿ, ಸೆರಗು ತೆಗೆಯಾಕೆ ನಾಚಿಕೇನೋ?" ಅಂದೆ. ಹುಡುಗರು ನಕ್ಕರು. ಆ ಅಂಗಿಯೊಳಗೆ ಅವನ ಎದೆ ಹೆಂಗಸರ ಎದೆಯಂತೆ ಊದಿತ್ತು. ನನಗೆ ಗೊತ್ತಿರಲಿಲ್ಲ. ಆ ನಗು ಈಗ ಖಾಲಿ ಗರಡಿಯಲ್ಲೂ ಕೇಳಿಸುತ್ತದೆ.

ಒಂದು ದಿನ ಸೊಸೆ ಶಾಂಭವಿ ಬಂದು ನಿಂತಳು. "ಮಾವ, ಇವರು ಸೇತುವಿ ಮ್ಯಾಲೆ ನಿಂತಿದ್ರು. ನೀರು ನೋಡ್ತಾ ನಿಂತೀನಿ ಅಂದ್ರು. ನೀರು ನೋಡೋರ ಮುಖ ಅಲ್ಲ ಅದು. ಕೈ ಹಿಡಕೊಂಡು ಕರಕೊಂಡು ಬಂದೆ. ದಿನಾ ನನ್ನ ಕೈಯಾಗೆ ಆಗ್ತದೇನು?"

ವೈದ್ಯೆ ನಫೀಸಾ ನನ್ನನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದಳು. ತಲೆಯೊಳಗೆ ಒಬ್ಬ ಯಜಮಾನನಿದ್ದಾನೆ. ರಕ್ತದಲ್ಲಿ ಗಂಡುರಸ ಕಡಿಮೆಯಾದರೆ ಆಳಿನ ಕೈಲಿ ಕೆಳಗಿನ ಬೀಜಗಳಿಗೆ ಹೇಳಿಕಳಿಸುತ್ತಾನೆ, ಅಡುಗೆ ಹೂಡಿ ಎಂದು. ಹೊರಗಿನಿಂದ ಹಂಡೆಗಟ್ಟಲೆ ಬಂದು ಬಿದ್ದರೆ ಹೇಳಿಕಳಿಸುವುದನ್ನೇ ನಿಲ್ಲಿಸುತ್ತಾನೆ. ಒಲೆ ಆರುತ್ತದೆ, ಬೀಜ ಸುಕ್ಕುತ್ತದೆ, ಸಂತಾನದ ಕಣವೂ ಹುಟ್ಟುವುದಿಲ್ಲ. ಮಿಕ್ಕಿದ ರಸದಲ್ಲಿ ಒಂದಿಷ್ಟು ಹೆಣ್ಣುರಸವಾಗಿ ತಿರುಗಿ ಎದೆ ಊದುತ್ತದೆ. ಸೂಜಿ ತಟ್ಟನೆ ನಿಂತರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ತಿಂಗಳುಗಟ್ಟಲೆ ಬರಿದು. ಮೈಯಷ್ಟೇ ಅಲ್ಲ, ಮನಸ್ಸೂ.

"ನಿಲ್ಲಿಸಿದ್ದು ಸರೀನೇ ಉಸ್ತಾದ್," ಅಂದಳು. "ನಿಲ್ಲಿಸಿ ಒಬ್ಬನ್ನೇ ಬಿಟ್ರಲ್ಲ, ಅದು ತಪ್ಪು. ಮನಸ್ಸಿಗೂ ಔಷಧ ಕೊಡ್ತೀನಿ. ಆಳಿನ ದನೀಲಿ ಬೀಜಾನ ಕರೆಯೋ ಮದ್ದೊಂದಿದೆ. ಆದ್ರೆ ಅದು ಸೂಜಿ."

ಅಲ್ಲೇ ಕೂತಿದ್ದ ಮುರಿಗೇಂದ್ರ ಗೋಡೆ ನೋಡುತ್ತಾ ಹೇಳಿದ. "ಯಾವ ಸೂಜೀನೂ ಅಂತ ನೀನೇ ಆಣಿ ಮಾಡಿಸಿದಿ, ಅಪ್ಪ. ಒಂದ್ ಸಲ ನಿನಗೆ ಮೋಸ ಮಾಡೀನಿ. ಇನ್ನೊಂದ್ ಸಲ ಆಗಲ್ಲ."

ಬೈದೆ, ಬೇಡಿದೆ, ಆಣೆ ವಾಪಸು ತಗೊಂಡೆನೆಂದೆ. ಆಣೆ ನನ್ನದಲ್ಲ, ಮಣ್ಣಿನದು ಎಂದ. ಸರಿಯಾಗಿಯೇ ಕಲಿಸಿದ್ದೆ, ನೋಡಿ.

ಮರುದಿನ ಬೆಳಿಗ್ಗೆ ಗುದ್ದಲಿ ಹಿಡಿದು ಮಟ್ಟಿಗೆ ಇಳಿದೆ. ಎಣ್ಣೆ, ಮಜ್ಜಿಗೆ, ಅರಿಸಿನ ಕುಡಿದು ಬೆಣ್ಣೆಯಾಗಿದ್ದ ಮಣ್ಣು. ಅಪಚಾರವೆಂದು ಶಿಷ್ಯರು ಗರಡಿ ಬಿಟ್ಟುಹೋದರು. ಯಂತ್ರ ತರಿಸಬಹುದಿತ್ತು, ತರಿಸಲಿಲ್ಲ. ಒಂಬತ್ತು ದಿನ ಅಗೆದು ಹೊಳೆಗೆ ಸುರಿದೆ. ಮುರಿಗೇಂದ್ರ ಮಟ್ಟಿಯ ಅಂಚಿನಲ್ಲಿ ಕೂತು ನೋಡುತ್ತಿದ್ದ. ಹತ್ತನೆಯ ದಿನ ಬರಿ ಬಂಡೆ ಕಂಡಿತು. ಅವನೇ ಇಳಿದು ಅಂಗೈಯಿಂದ ಬಂಡೆ ಸವರಿದ. "ನಡಿ," ಅಂದ.

ಮದ್ದು ಶುರುವಾಗಿ ಇಂದಿಗೆ ನಾಲ್ಕು ತಿಂಗಳು. ಗಂಡುರಸ ಇರುವೆಯಂತೆ ಏರುತ್ತಿದೆ. ಸಂತಾನದ ಕಣ ಇನ್ನೂ ಸೊನ್ನೆ. ಬಂದೀತು, ಬರದೆಯೂ ಇದ್ದೀತು ಎನ್ನುತ್ತಾಳೆ ನಫೀಸಾ. ಮನೆಯಲ್ಲಿ ಅವನು ನೆಂಟನ ಹಾಗೆ ಓಡಾಡುತ್ತಾನೆ. ಅವನ ಹೆಜ್ಜೆ ನಿಂತರೆ ನನ್ನ ಎದೆಯೂ ನಿಲ್ಲುತ್ತದೆ.

ಈ ಸೂಜಿ ಗರಡಿಯ ಹೊಸಿಲು ದಾಟಿದ್ದು ನಿಮ್ಮ ಕಾಲದಲ್ಲೇ ಎಂದು ಹಿರಿಯರು ಹೇಳುತ್ತಿದ್ದರು. ನಿಮ್ಮ ಹುಡುಗರಲ್ಲಿ ಒಬ್ಬನ ಭುಜ ದಿಢೀರನೆ ಏರಿದರೆ ಹೊಗಳಬೇಡಿ. ಬಿಟ್ಟೆ ಅಂದರೆ ಗೆದ್ದೆ ಎಂದು ಮೀಸೆ ತಿರುವಬೇಡಿ, ಅಪಾಯ ಅಲ್ಲಿಂದಲೇ ಶುರು. ವೈದ್ಯರ ಬಾಗಿಲಿಗೆ ನೀವೇ ಜೊತೆಗೆ ಹೋಗಿ. ಏನು ತಗೊಂಡ, ಎಷ್ಟು ದಿನ ತಗೊಂಡ ಎಂದು ಅವನು ಹೇಳುವಾಗ ಬಾಯಿ ಮುಚ್ಚಿಕೊಂಡು ಕೂತಿರಿ. ಅಷ್ಟು ನನ್ನಿಂದ ಆಗಲಿಲ್ಲ.