ಎಸರು ಕುದಿಯುವ ತನಕ

ಕಾಕಾ,

ನಿನ್ನ ಮಣ್ಣಿನ ದಿನ ನಾನು ಅಳಲಿಲ್ಲ. ದುಃಖವಿರಲಿಲ್ಲವೆಂದಲ್ಲ, ಅದಕ್ಕಿಂತ ಮೊದಲು ಹೊಟ್ಟೆಕಿಚ್ಚು ಬಂದುಬಿಟ್ಟಿತು. ಭಾಂಡುಪ್‌ನ ನಮ್ಮ ಚಾಳಿನ ಗಲ್ಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾಂದಿವಲಿಯಲ್ಲಿ ನೀನು ಬಣ್ಣ ಹೊಡೆದಿದ್ದ ಬಿಲ್ಡಿಂಗಿನ ವಾಚ್‌ಮನ್ ಕೂಡ ರಜೆ ಹಾಕಿ ಬಂದಿದ್ದ. ಒಬ್ಬ ಪೇಂಟರನಿಗೆ ಇಷ್ಟು ಜನವೇ? ನಾನು ಸತ್ತರೆ ಯಾರು ಬರುತ್ತಾರೆ? ನೀನು ಬರುತ್ತಿದ್ದೆ. ಆದರೆ ನೀನೇ...

ಒಂಬತ್ತನೇ ಕ್ಲಾಸು ಬಿಟ್ಟು ನಿನ್ನ ಖೋಲಿಗೆ ಬಂದ ಮೊದಲ ಭಾನುವಾರ ನೆನಪಿದೆಯೇ? ನೀನು ಬಾಗಿಲ ಬಳಿ ಸ್ಟವ್ ಇಟ್ಟುಕೊಂಡು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಆ ಸಪ್ಪಳ ಕೇಳಿ ಗಲ್ಲಿಯವರು ತಾಟು ಹಿಡಿದು ಬರುತ್ತಿದ್ದರು. ಎದುರು ಖೋಲಿಯ ಮರಾಠಿ ಮಾವಶಿ ಮೆಣಸಿನಕಾಯಿ ಕುಟ್ಟಿ ಮಾಡಿದ ಠೇಚಾ ತಂದಳು. ನಾನೂ ಮಾಡುತ್ತೇನೆಂದು ಕೂತು, ನೀರು ಕಾಯುವ ಮೊದಲೇ ಹಿಟ್ಟಿಗೆ ಸುರಿದೆ. ಹಂಚಿಗೆ ಹಾಕುವಷ್ಟರಲ್ಲಿ ರೊಟ್ಟಿ ಹರಿದು ಚೂರಾಯಿತು.

"ಎಸರು ಕುದಿಯೋತನಕ ಕೂಡಾಕ ಆಗಂಗಿಲ್ಲ ನಿನಗ," ಅಂದೆ ನೀನು. "ಸಾಲಿ ಬಿಟ್ಟಿದ್ದು ಛಲೋನ ಆತು ಬಿಡು ತಮ್ಮಾ. ಪಾಪ, ಮಾಸ್ತರನ ಜೀವ ಉಳೀತು."

ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಬಣ್ಣದ ಕೆಲಸದ ಗುತ್ತಿಗೆ ಹಿಡಿಯುವ ಸೇಠ್ ನಿನ್ನನ್ನು ಸೂಪರ್‌ವೈಸರ್ ಮಾಡುತ್ತೇನೆಂದು ಬಂದ ದಿನವಂತೂ ನಿನ್ನನ್ನು ಹುಚ್ಚನೆಂದುಕೊಂಡೆ. ಭಾನುವಾರವೂ ಸೈಟಿಗೆ ಹೋಗಬೇಕಿತ್ತು, ಅಷ್ಟೇ. "ಸಂಡೇ ನಹೀ ಜಮೇಗಾ ಸೇಠ್, ಘರ್ ಪೇ ಲೋಗ್ ಆತೇ ಹೈ" ಎಂದು, ಭಾನುವಾರ ಮನೆಗೆ ಜನ ಬರುತ್ತಾರೆಂಬ ಒಂದೇ ಕಾರಣಕ್ಕೆ, ನೀನು ಚಹಾ ಕುಡಿಸಿ ಕಳಿಸಿಬಿಟ್ಟೆ. ಆಮೇಲೆ ಮಲಗಿದ ಕೂಡಲೇ ಗೊರಕೆ. ನಾನು ಪಕ್ಕದಲ್ಲಿ ಮೊಬೈಲಿನಲ್ಲಿ ಬೇರೆಯವರ ಬೈಕು ನೋಡುತ್ತ ಹೊರಳುತ್ತಿದ್ದೆ. ಒಬ್ಬರ ನಿದ್ದೆಯ ಮೇಲೂ ಹೊಟ್ಟೆಕಿಚ್ಚು ಪಡಬಹುದೆಂದು ನನಗೆ ಗೊತ್ತಾದದ್ದು ನಿನ್ನ ಮಗ್ಗುಲಲ್ಲಿ.

ನೀನು ಹೋದ ಮೇಲೆ ಅದೇ ಸೇಠ್ ಅದೇ ಕೆಲಸಕ್ಕೆ ನನ್ನನ್ನು ಕರೆದ, ಮಲಾಡ್ ಸೈಟಿಗೆ. ಸುಳ್ಳು ಹೇಳಲಾರೆ ಕಾಕಾ, ಅವನ ಮಾತು ಮುಗಿಯುವ ಮೊದಲೇ ಹೂಂ ಎಂದೆ. ಭಾನುವಾರಗಳೂ ಹೋದೆ. ಒಂದು ಭಾನುವಾರ ಸಂಜೆ ಮರಳಿದಾಗ ಮಾವಶಿ ನಮ್ಮ ಮುಚ್ಚಿದ ಬಾಗಿಲ ಮುಂದೆ ಠೇಚಾದ ಬಟ್ಟಲು ಹಿಡಿದು ಕೂತಿದ್ದಳು.

"ಯಾರಿಗೆ ತಂದಿ ಮಾವಶಿ?"

"ಕಿಸೀ ಕೋ ನಹೀ. ಆದತ್ ಹೈ ರೇ," ಎಂದು ಎದ್ದು ಹೋದಳು. ಯಾರಿಗೂ ಅಲ್ಲವಂತೆ, ರೂಢಿಯಂತೆ.

ಬಟ್ಟಲನ್ನು ಅವಳು ಹಾಗೆಯೇ ವಾಪಸು ಒಯ್ದದ್ದನ್ನು ನನ್ನಿಂದ ಸಹಿಸಲಾಗಲಿಲ್ಲ. ಮರುದಿನ ಸೇಠ್‌ಗೆ ಭಾನುವಾರ ಬರುವುದಿಲ್ಲ ಎಂದೆ. "ಕಾಕಾ ಕಾ ಭೂತ್ ಚಢ್ ಗಯಾ ಕ್ಯಾ?" ಎಂದು ನಕ್ಕ, ನಿನ್ನ ಭೂತ ನನ್ನನ್ನು ಹಿಡಿದಿದೆಯಂತೆ. ಕೆಲಸ ಬೇರೊಬ್ಬನಿಗೆ ಹೋಯಿತು. ನಾನು ಮತ್ತೆ ಬ್ರಶ್ ಹಿಡಿದಿದ್ದೇನೆ. ಆ ಬೇರೊಬ್ಬ ಹೊಸ ಬೈಕಿನಲ್ಲಿ ಬರುತ್ತಾನೆ, ಅವನನ್ನು ಕಂಡರೂ ಉರಿಯುತ್ತದೆ. ನಿನಗೆ ಒಮ್ಮೆಯೂ ಹಾಗಾಗಲಿಲ್ಲವೇ? ಕೇಳಬೇಕಿತ್ತು.

ಮೊನ್ನೆ ಭಾನುವಾರ ಬಾಗಿಲು ತೆರೆದು ಸ್ಟವ್ ಹಚ್ಚಿದೆ. ಎಸರು ಕುದಿಯುವ ತನಕ ಕೂತೆ, ಕಾಕಾ. ಮೊಬೈಲು ಮುಟ್ಟಲಿಲ್ಲ. ರೊಟ್ಟಿ ದಪ್ಪವಾಯಿತು, ಆದರೆ ಹರಿಯಲಿಲ್ಲ. ಸಪ್ಪಳ ಕೇಳಿ ತಾಟುಗಳು ಬಂದವು, ಠೇಚಾವೂ ಬಂತು. ತಿಂದದ್ದು ನನ್ನ ರೊಟ್ಟಿ, ಮಾತೆಲ್ಲ ನಿನ್ನದೇ.

"ಕಾಕಾ ಕಾ ಪತಲಾ ರಹತಾ ಥಾ," ಎಂದಳು ಮಾವಶಿ, ಎರಡನೆಯದಕ್ಕೆ ಕೈ ಚಾಚುತ್ತ.

ನಿನ್ನ ರೊಟ್ಟಿ ತೆಳ್ಳಗಿರುತ್ತಿತ್ತಂತೆ. ಮತ್ತೆ ಹೊಟ್ಟೆಕಿಚ್ಚು! ಬರುವ ಭಾನುವಾರ ನಿನಗಿಂತ ತೆಳ್ಳಗೆ ಬಡಿಯುತ್ತೇನೆ. ನೋಡುತ್ತಿರು.

ನಿನ್ನ
ಪರಸ್ಯಾ